ಸ್ಕೂಟರಿನ ಏರ್ ಫಿಲ್ಟರ್‌ಗೆ ಏರ್ ಹೊಡೆಸುವುದು ಸರಿಯೇ? ರಿಂಗ್ ರಸ್ತೆಯ ಧೂಳಿನಲ್ಲಿ ಎಷ್ಟು ಕಿಲೋಮೀಟರಿಗೊಮ್ಮೆ ಬದಲಿಸಬೇಕು?

ಪ್ರಶ್ನೆ: ಮಹದೇವಪುರದ ಸವಾರೆ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ 2018ರ 110 ಸಿಸಿ ಸ್ಕೂಟರ್ ಇದೆ. ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಭಾಗ) ಇರುವ ಮಾದರಿ. ಇದುವರೆಗೆ 41,000 ಕಿ.ಮೀ. ಓಡಿದೆ. ಪ್ರತಿದಿನ ಮಹದೇವಪುರದಿಂದ ಹೊರವರ್ತುಲ ರಸ್ತೆಯಲ್ಲಿ ಮಾರತ್ತಹಳ್ಳಿ ದಾಟಿ ಬೆಳ್ಳಂದೂರಿನವರೆಗೆ ಹೋಗಿ ಬರುತ್ತೇನೆ. ಮೆಟ್ರೊ ಕಾಮಗಾರಿ ಶುರುವಾದಾಗಿನಿಂದ ಈ ದಾರಿಯಲ್ಲಿ ಎಷ್ಟು ಧೂಳು ಏಳುತ್ತದೆ ಎಂಬುದು ಇಲ್ಲಿ ಓಡಾಡುವವರಿಗೆಲ್ಲ ಗೊತ್ತಿದೆ. ಬೆಳಿಗ್ಗೆ ಒರೆಸಿ ಹೊರಟ ಗಾಡಿಯ ಸೀಟಿನ ಮೇಲೆ ಸಂಜೆಯ ಹೊತ್ತಿಗೆ ಬೆರಳಿನಿಂದ ಹೆಸರು ಬರೆಯಬಹುದು.

ಕಳೆದ ಆರೇಳು ತಿಂಗಳಿಂದ ಮೈಲೇಜ್ ಇಳಿಯುತ್ತಾ ಬಂದಿದೆ. ಫುಲ್ ಟ್ಯಾಂಕ್ ಮಾಡಿಸಿ, ಮತ್ತೆ ಫುಲ್ ಮಾಡಿಸುವಾಗ ಹಿಡಿದ ಪೆಟ್ರೋಲಿನಿಂದ ಲೆಕ್ಕ ಹಾಕಿದರೆ ಮೊದಲು 44 ಬರುತ್ತಿದ್ದದ್ದು ಈಗ 36ಕ್ಕೆ ಬಂದು ನಿಂತಿದೆ. ಫ್ಲೈಓವರ್ ಹತ್ತುವಾಗ ಪಿಕಪ್ ಕಡಿಮೆಯಾಗಿದೆ. ಹೋದ ಸರ್ವಿಸಿನಲ್ಲಿ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದಾಗ ಅದರ ತುದಿ ದೀಪದ ಕಾಡಿಗೆಯಂತೆ ಕಪ್ಪಾಗಿತ್ತು.

ಮನೆಯ ಹತ್ತಿರದ ಮೆಕ್ಯಾನಿಕ್ ಪ್ರತಿ ಸರ್ವಿಸಿನಲ್ಲೂ ಏರ್ ಫಿಲ್ಟರನ್ನು ಹೊರತೆಗೆದು, ನೆಲಕ್ಕೆ ನಾಲ್ಕು ಸಲ ಬಡಿದು, ಏರ್ ಹೊಡೆದು, ಹಾಗೆಯೇ ಹಾಕಿಬಿಡುತ್ತಾರೆ. ಬದಲಿಸಬೇಕೇ ಎಂದು ಕೇಳಿದರೆ, ಇನ್ನೂ ಚೆನ್ನಾಗಿದೆ, ಸುಮ್ಮನೆ ಯಾಕೆ ದುಡ್ಡು ಹಾಕುತ್ತೀರಿ ಎನ್ನುತ್ತಾರೆ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನನ್ನ ಲೆಕ್ಕದಲ್ಲಿ ಈ ಫಿಲ್ಟರ್ ಹಾಕಿಸಿದ್ದು 24,000 ಕಿ.ಮೀ. ಆಗಿದ್ದಾಗ, ಆಮೇಲೆ ಐದು ಸಲ ಏರ್ ಹೊಡೆಸಿಕೊಂಡಿದೆ. ಹೀಗೆ ಮಾಡುವುದು ಸರಿಯೇ? ನಮ್ಮ ರಸ್ತೆಯ ಧೂಳಿಗೆ ಎಷ್ಟು ಕಿಲೋಮೀಟರಿಗೊಮ್ಮೆ ಹೊಸದು ಹಾಕಬೇಕು? ಮೈಲೇಜ್ ಇಳಿದಿರುವುದಕ್ಕೆ ಫಿಲ್ಟರೇ ಕಾರಣವಾಗಿರಬಹುದೇ? ಇದನ್ನು ಮನೆಯಲ್ಲಿಯೇ ಬಿಚ್ಚಿ ನೋಡಬಹುದಾದರೆ ಹೇಗೆ ನೋಡಬೇಕೆಂಬುದನ್ನೂ ದಯವಿಟ್ಟು ತಿಳಿಸಿ. ನನ್ನ ಬಳಿ ಸ್ಟಾರ್ ಸ್ಕ್ರೂಡ್ರೈವರ್ ಇದೆ, ತಾಳ್ಮೆಯೂ ಇದೆ.

ಉತ್ತರ: ಬಸವನಗುಡಿ ಗ್ಯಾರೇಜ್

ಮೊದಲು ನಿಮ್ಮ ಗಾಡಿಯಲ್ಲಿರುವುದು ಯಾವ ಬಗೆಯ ಫಿಲ್ಟರ್ ಎಂಬುದನ್ನು ಕೈಯಿಂದ ಮುಟ್ಟಿ ತಿಳಿದುಕೊಳ್ಳಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಸ್ಕೂಟರುಗಳಲ್ಲಿ ಸಾಮಾನ್ಯವಾಗಿ ಮೂರು ಬಗೆ ಕಾಣಸಿಗುತ್ತವೆ: ಎಣ್ಣೆ ಹಚ್ಚಿದ ಸ್ಪಂಜು, ಒಣ ಕಾಗದ, ಮತ್ತು ಕಾರ್ಖಾನೆಯಲ್ಲಿಯೇ ಅಂಟೆಣ್ಣೆ ಕುಡಿಸಿದ ಕಾಗದ. ಹೋಂಡಾ ಆಕ್ಟಿವಾದಲ್ಲಿ ಬರುವುದು ಈ ಮೂರನೆಯದು; ಇದಕ್ಕೆ ವಿಸ್ಕಸ್ ಫಿಲ್ಟರ್ ಎನ್ನುತ್ತಾರೆ. ಬೇರೆ ಕಂಪನಿಗಳ 110 ಸಿಸಿ ಗಾಡಿಗಳಲ್ಲಿಯೂ ಇದು ಬರುತ್ತದೆ. ಕಾಗದದ ಮಡಿಕೆಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಬಿಟ್ಟಾಗ ಬೆರಳಿಗೆ ತೆಳುವಾಗಿ ಜಿಡ್ಡು ಹತ್ತಿದರೆ ಅದು ವಿಸ್ಕಸ್. ಅದಕ್ಕೆ ಏರ್ ಹೊಡೆಯಲೇಬಾರದು. ತೊಳೆಯಲೂಬಾರದು, ಬಡಿಯಲೂಬಾರದು. ಅವಧಿ ಮುಗಿದ ಮೇಲೆ ತೆಗೆದು ಹೊಸದನ್ನು ಹಾಕುವುದೊಂದೇ ಅದರ ಮೆಂಟೇನೆನ್ಸ್.

ಕಾರಣವನ್ನು ಹೇಳುತ್ತೇನೆ. ಈ ಕಾಗದದ ಕೆಲಸವೆಲ್ಲ ಆ ಜಿಡ್ಡಿನಲ್ಲಿದೆ. ಧೂಳಿನ ಕಣ ಬಂದು ಜಿಡ್ಡಿಗೆ ಅಂಟಿಕೊಳ್ಳುತ್ತದೆ. ಅಂಟಿದ ಕಣವನ್ನು ಎಣ್ಣೆ ನಿಧಾನವಾಗಿ ಮೇಲಕ್ಕೇರಿ ತೋಯಿಸುತ್ತದೆ. ಹಾಗೆ ತೊಯ್ದ ಕಣದ ಮೇಲೆ ಮುಂದಿನ ಕಣ ಬಂದು ಅಂಟುತ್ತದೆ. ಆದ್ದರಿಂದಲೇ ನೋಡಲು ಕಪ್ಪಗೆ, ಕೊಳಕಾಗಿ ಕಾಣುವ ವಿಸ್ಕಸ್ ಫಿಲ್ಟರ್ ತನ್ನ ಅವಧಿಯೊಳಗೆ ಸರಿಯಾಗಿಯೇ ಕೆಲಸ ಮಾಡುತ್ತಿರುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನಲ್ಲಿ ಒತ್ತಡ ಸಾಮಾನ್ಯವಾಗಿ 100 ಪಿಎಸ್‌ಐಗೂ ಮೇಲಿರುತ್ತದೆ. ಅಷ್ಟು ಜೋರಿನ ಗಾಳಿಯನ್ನು ನಾಲ್ಕು ಬೆರಳಿನ ಅಂತರದಿಂದ ಬಿಟ್ಟರೆ ಮೇಲಿನ ಒರಟು ಧೂಳು ಹಾರಿಹೋಗಿ ಕಣ್ಣಿಗೆ ಸ್ವಚ್ಛವಾಯಿತು ಎನ್ನಿಸುತ್ತದೆ; ಆದರೆ ನುಣ್ಣನೆಯ ಧೂಳು ಕಾಗದದ ನಾರಿನೊಳಕ್ಕೆ ಇನ್ನೂ ಆಳವಾಗಿ ಇಳಿಯುತ್ತದೆ, ಜಿಡ್ಡು ಚದುರುತ್ತದೆ, ಮಡಿಕೆಗಳು ಅಲ್ಲಲ್ಲಿ ಸೀಳುತ್ತವೆ. ಐದು ಸಲ ಹೀಗೆ ಮಾಡಿಸಿಕೊಂಡ ಕಾಗದವನ್ನು ನಾನಾಗಿದ್ದರೆ ನಂಬುವುದಿಲ್ಲ.

ಈ ಕಾಗದದ ಮೂಲಕ ಎಷ್ಟು ಗಾಳಿ ಹಾದುಹೋಗಿದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ಒಂದು ಗ್ರಾಂ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲ್ ಹೆಚ್ಚುಕಡಿಮೆ 740 ಗ್ರಾಂ ತೂಗುತ್ತದೆ. ಅದಕ್ಕೆ ಬೇಕಾಗುವ ಗಾಳಿ 11 ಕೆ.ಜಿ.ಯಷ್ಟು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ತೆಳುವಾದ ಗಾಳಿಯಲ್ಲಿ ಅದು ಸುಮಾರು 10,000 ಲೀಟರ್ ಆಗುತ್ತದೆ. ನೀವು ಈ ಫಿಲ್ಟರಿನಲ್ಲಿ 17,000 ಕಿ.ಮೀ. ಓಡಿಸಿದ್ದೀರಿ; ಲೀಟರಿಗೆ 40 ಎಂದು ಹಿಡಿದರೂ 425 ಲೀಟರ್ ಪೆಟ್ರೋಲ್. ಅಂದರೆ ರಿಂಗ್ ರಸ್ತೆಯ ನಲವತ್ತು ಲಕ್ಷ ಲೀಟರಿಗೂ ಹೆಚ್ಚು ಗಾಳಿ ಅಂಗೈಯಗಲದ ಆ ಪೆಟ್ಟಿಗೆಯೊಳಗಿಂದ ಹೋಗಿದೆ. ಆ ಗಾಳಿಯಲ್ಲಿರುವುದು ಬರೀ ಮಣ್ಣಲ್ಲ. ಸಿಮೆಂಟ್, ಲಾರಿಗಳಿಂದ ಸುರಿಯುವ ಎಂ-ಸ್ಯಾಂಡ್, ಕಗ್ಗಲ್ಲಿನ ಪುಡಿ ಎಲ್ಲವೂ ಇವೆ. ಕಗ್ಗಲ್ಲಿನಲ್ಲಿರುವ ಬೆಣಚು ಸಿಲಿಂಡರಿನ ಕಬ್ಬಿಣಕ್ಕಿಂತ ಗಟ್ಟಿ. ಪಿಸ್ಟನ್ ರಿಂಗಿಗೂ ಬೋರಿಗೂ (ಸಿಲಿಂಡರಿನ ಒಳಗೋಡೆ) ನಡುವೆ ಇರುವ ಎಣ್ಣೆಯ ಪದರ ಕೆಲವೇ ಮೈಕ್ರಾನ್ ದಪ್ಪ. ಅಲ್ಲಿಗೆ ಈ ಪುಡಿ ಸೇರಿದರೆ ಉಪ್ಪುಕಾಗದ ಹಾಕಿ ಉಜ್ಜಿದ ಹಾಗೆ.

ಹಾಗಾಗಿ ಫಿಲ್ಟರ್ ಕೊಳೆಯಾಗಿದೆಯೇ ಎಂಬುದಕ್ಕಿಂತ ಅದರ ಅಂಚು ಸರಿಯಾಗಿ ಕೂತಿದೆಯೇ ಎಂಬುದನ್ನು ಮೊದಲು ನೋಡಿ ಎಂದು ನನ್ನಲ್ಲಿಗೆ ಬರುವವರಿಗೆಲ್ಲ ಹೇಳುತ್ತೇನೆ. ಕಟ್ಟಿಕೊಂಡ ಫಿಲ್ಟರಿನಿಂದ ಪೆಟ್ರೋಲ್ ದಂಡವಾಗುತ್ತದೆ, ಅಷ್ಟೆ. ಅಂಚಿನಲ್ಲಿ ಸಂದು ಬಿಟ್ಟ ಫಿಲ್ಟರಿನಿಂದ ಎಂಜಿನ್ನೇ ಹೋಗುತ್ತದೆ. ಅದು ತಿಳಿಯುವ ಹೊತ್ತಿಗೆ ಸೈಲೆನ್ಸರಿನಿಂದ ಎಂಜಿನ್ ಆಯಿಲ್ ಉರಿದ ನೀಲಿ ಹೊಗೆ ಬರತೊಡಗಿರುತ್ತದೆ.

ಬಿಚ್ಚುವ ಕ್ರಮ ಹೀಗಿದೆ. ಹಿಂದಿನ ಚಕ್ರದ ಎಡಭಾಗದಲ್ಲಿ, ಬೆಲ್ಟ್ ಕವರಿನ ಮೇಲ್ಗಡೆ ಕಪ್ಪು ಪ್ಲಾಸ್ಟಿಕ್ ಪೆಟ್ಟಿಗೆ ಇರುತ್ತದೆ. ಮುಚ್ಚಳ ತೆಗೆಯುವ ಮೊದಲು ಅದರ ಸುತ್ತ ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿ; ಇಲ್ಲವಾದರೆ ಹೊರಗಿನ ಧೂಳನ್ನು ನಾವೇ ಒಳಗೆ ಬೀಳಿಸಿದಂತಾಗುತ್ತದೆ. ಸ್ಕ್ರೂಗಳನ್ನು ಬಿಚ್ಚುವಾಗ ಎಣಿಸಿಡಿ. ಫಿಲ್ಟರನ್ನು ಎಳೆಯುವ ಮುನ್ನ ಯಾವ ಮುಖ ಹೊರಗಿತ್ತು ಎಂಬುದಕ್ಕೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಅದು ಹೊರಬಂದ ಮೇಲೆ ಹಿಂದೆ ಕಾರ್ಬುರೇಟರಿಗೆ ಹೋಗುವ ದಾರಿ ಕಾಣಿಸುತ್ತದೆ. ಆ ಬಾಯಿಗೆ ಶುಭ್ರವಾದ ಬಟ್ಟೆ ತುರುಕಿ, ಪೆಟ್ಟಿಗೆಯ ಒಳಗೋಡೆಯನ್ನು ಬಿಳಿ ಕರವಸ್ತ್ರದಿಂದ ಸವರಿ ನೋಡಿ. ಫಿಲ್ಟರಿನಿಂದಾಚೆಗಿನ ಭಾಗದಲ್ಲಿ ಬಟ್ಟೆಗೆ ಕೆಂಪು ಧೂಳು ಹತ್ತಿದರೆ ಗಾಳಿ ಫಿಲ್ಟರನ್ನು ತಪ್ಪಿಸಿಕೊಂಡು ಹೋಗುತ್ತಿದೆ ಎಂದೇ ಅರ್ಥ. ಎಣ್ಣೆಯ ಪಸೆ ಸ್ವಲ್ಪ ಕಂಡರೆ ಹೆದರಬೇಡಿ, ಅದು ಎಂಜಿನ್ನಿನ ಒಳಗಿನ ಹಬೆಯನ್ನು ಹೊರಬಿಡುವ ಬ್ರೀದರ್ ಪೈಪಿನಿಂದ ಬಂದದ್ದು. ಫಿಲ್ಟರ್ ಇಲ್ಲದೆ ಎಂಜಿನ್ ಸ್ಟಾರ್ಟ್ ಮಾಡಿ ನೋಡುವ ಅಭ್ಯಾಸ ಕೆಲವರಿಗಿದೆ. ಒಂದು ನಿಮಿಷಕ್ಕೂ ಅದು ಬೇಡ.

ಮೈಲೇಜ್ ವಿಷಯ. ಕಾರ್ಬುರೇಟರ್ ಗಾಡಿಯಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ನಿನ ಸೆಳೆತವೆಲ್ಲ ಕಾರ್ಬುರೇಟರಿನ ಬಾಯಿಯಲ್ಲಿ ಹೆಚ್ಚಾಗುತ್ತದೆ, ಪೆಟ್ರೋಲ್ ಬಟ್ಟಲಿನ ಮೇಲೆ ಮಾತ್ರ ಹೊರಗಿನ ಗಾಳಿಯ ಒತ್ತಡವೇ ಇರುತ್ತದೆ. ಹೀಗಾಗಿ ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚು ಎಳೆದುಕೊಳ್ಳುತ್ತದೆ. ಚೋಕ್ ಅರ್ಧ ಎಳೆದು ಓಡಿಸಿದ ಹಾಗೆ. ನಿಮ್ಮ ಕಪ್ಪು ಪ್ಲಗ್ ಇದನ್ನೇ ಹೇಳುತ್ತಿದೆ. ಆದರೂ 44ರಿಂದ 36ಕ್ಕೆ ಇಳಿಯಲು ಫಿಲ್ಟರ್ ಒಂದೇ ಕಾರಣವಾಗಿರಲಿಕ್ಕಿಲ್ಲ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ, ಬ್ರೇಕ್ ಉಜ್ಜುತ್ತಿದೆಯೇ ಎಂದು ಕಿವಿಗೊಟ್ಟು ಕೇಳಿ. ಟಯರಿನ ಗಾಳಿಯನ್ನೂ ನೋಡಿ.

ಎಷ್ಟಕ್ಕೊಮ್ಮೆ ಬದಲಿಸಬೇಕೆಂದು ಕೇಳಿದ್ದೀರಿ. ವಿಸ್ಕಸ್ ಫಿಲ್ಟರಿಗೆ 16,000 ಕಿ.ಮೀ. ಆಸುಪಾಸಿನ ಅವಧಿಯನ್ನು ಕೈಪಿಡಿಗಳು ಹೇಳುತ್ತವೆ, ಜೊತೆಗೆ ಧೂಳಿನ ಊರಿನಲ್ಲಿ ಇನ್ನೂ ಬೇಗ ಎಂದೂ ಸೇರಿಸಿರುತ್ತವೆ. ನಿಮ್ಮ ದಾರಿಗೆ ನಾನು 8,000 ಎನ್ನುತ್ತೇನೆ.

ಉತ್ತರ: ಅಪ್ಪನ ಚೇತಕ್

ಮೇಲಿನವರು ವಿಸ್ಕಸ್ ಬಗ್ಗೆ ಬರೆದಿರುವುದು ಸರಿಯಾಗಿದೆ. ಸ್ಪಂಜಿನ ಫಿಲ್ಟರ್ ಇರುವ ಹಳೆಯ ಗಾಡಿಗಳನ್ನು ಇಟ್ಟುಕೊಂಡವರೂ ಇದನ್ನು ಓದುತ್ತಿರಬಹುದಾದ್ದರಿಂದ ಅದರ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ಏಕೆಂದರೆ ಅದರ ನಿಯಮ ಪೂರ್ತಿ ತಿರುಗುಮುರುಗು: ಅದನ್ನು ತೊಳೆಯಲೇಬೇಕು.

ನಮ್ಮ ಅಪ್ಪನ ಟೂ ಸ್ಟ್ರೋಕ್ ಚೇತಕ್‌ನಲ್ಲಿ ತಂತಿ ಜಾಲರಿಯ ಫಿಲ್ಟರ್ ಇತ್ತು. ರಾಜಾಜಿನಗರದ ಮನೆಯ ಮುಂದೆ ಭಾನುವಾರ ಬೆಳಿಗ್ಗೆ ಹಳೆಯ ಅಲ್ಯೂಮಿನಿಯಂ ಬೋಗುಣಿಯಲ್ಲಿ ಅರ್ಧ ಲೋಟ ಪೆಟ್ರೋಲ್ ಹಾಕಿ ಅದನ್ನು ಅದ್ದಿ ಅಲ್ಲಾಡಿಸಿ ತೊಳೆಯುತ್ತಿದ್ದರು. ಜಾಲರಿಗೆ ಅದು ನಡೆಯುತ್ತದೆ, ಸ್ಪಂಜಿಗೆ ನಡೆಯುವುದಿಲ್ಲ. ಅಮ್ಮನ ಸಣ್ಣ ಗಾಡಿಯ ಸ್ಪಂಜನ್ನೂ ಒಮ್ಮೆ ಹಾಗೆಯೇ ತೊಳೆದು, ಅದು ಎರಡೇ ತಿಂಗಳಲ್ಲಿ ಹಳೆಯ ರೊಟ್ಟಿಯ ಹಾಗೆ ಪುಡಿಪುಡಿಯಾಗಿ ಉದುರಿದ್ದನ್ನು ನಾನೇ ಕಂಡಿದ್ದೇನೆ. ಆ ಪುಡಿ ಹೋಗುವುದು ನೇರವಾಗಿ ಕಾರ್ಬುರೇಟರಿಗೆ. ಬೆಂಕಿಯ ಅಪಾಯ ಬೇರೆ.

ಸ್ಪಂಜನ್ನು ಸೀಮೆಎಣ್ಣೆಯಲ್ಲಿ ತೊಳೆಯುವುದು ಹಳೆಯ ಪದ್ಧತಿ. ಈಗ ಬೆಂಗಳೂರಿನಲ್ಲಿ ಸೀಮೆಎಣ್ಣೆ ಸುಲಭವಾಗಿ ಸಿಗುವುದಿಲ್ಲ. ಪಾತ್ರೆ ತೊಳೆಯುವ ದ್ರವವನ್ನು ಬೆಚ್ಚಗಿನ ನೀರಿಗೆ ಹಾಕಿದರೂ ಕೆಲಸವಾಗುತ್ತದೆ. ಅಂಗೈಗಳ ನಡುವೆ ಇಟ್ಟು ಒತ್ತಬೇಕು, ಬಟ್ಟೆ ಹಿಂಡಿದಂತೆ ತಿರುಚಬಾರದು, ತಿರುಚಿದರೆ ಅಂಟು ಹಾಕಿದ ಕಡೆ ಬಿಟ್ಟುಕೊಳ್ಳುತ್ತದೆ. ನೆರಳಿನಲ್ಲಿ ಪೂರ್ತಿ ಒಣಗಿಸಿ, ಎಂಜಿನ್ ಆಯಿಲ್ ಅಥವಾ ಗೇರ್ ಆಯಿಲ್ ಹಚ್ಚಿ, ಎಲ್ಲ ಕಡೆಗೂ ಹರಡುವಂತೆ ಒತ್ತಿ, ಹೆಚ್ಚಾದ ಎಣ್ಣೆಯನ್ನು ಹಿಂಡಿ ತೆಗೆಯಬೇಕು. ದೋಸೆ ಕಾವಲಿಗೆ ಎಣ್ಣೆ ಸವರಿದಂತಿರಬೇಕೇ ಹೊರತು ತೊಟ್ಟಿಕ್ಕಬಾರದು. ಬಹಳ ಜನ ತೊಳೆದು ಒಣಗಿಸುವವರೆಗೆ ಶ್ರದ್ಧೆಯಿಂದ ಮಾಡಿ, ಎಣ್ಣೆ ಹಚ್ಚುವುದನ್ನು ಮರೆತು ಹಾಕಿಬಿಡುತ್ತಾರೆ. ಎಣ್ಣೆ ಇಲ್ಲದ ಸ್ಪಂಜು ದೊಡ್ಡ ಕಸವನ್ನು ತಡೆಯುತ್ತದೆ, ನುಣ್ಣನೆಯ ಧೂಳನ್ನು ತಡೆಯುವುದಿಲ್ಲ.

ಉತ್ತರ: ಹೊಸಕೆರೆಹಳ್ಳಿ 125

ನನ್ನದು 2021ರ 125 ಸಿಸಿ ಗಾಡಿ, ಕಾರ್ಬುರೇಟರ್ ಬದಲು ಫ್ಯುಯಲ್ ಇಂಜೆಕ್ಷನ್ ಇರುವ ಬಿಎಸ್6 (ಹೊಸ ಹೊಗೆ ನಿಯಮದ) ಮಾದರಿ. ಫಿಲ್ಟರನ್ನು 15,000 ಕಿ.ಮೀ.ಗೆ ಬದಲಿಸಿದೆ, ಮೊದಲೂ 48, ಆಮೇಲೂ 48. ಆದ್ದರಿಂದ ಎಲ್ಲರೂ 8,000ಕ್ಕೇ ಬದಲಿಸಬೇಕು ಎಂಬುದನ್ನು ನಾನು ಒಪ್ಪಲಾರೆ. ಅನಾವಶ್ಯಕವಾಗಿ ಮತ್ತೆ ಮತ್ತೆ ಬಿಚ್ಚಿದಷ್ಟೂ ಪ್ಲಾಸ್ಟಿಕ್ಕಿನಲ್ಲಿ ಸ್ಕ್ರೂಗಳ ಹಿಡಿತ ಸವೆದು ಮುಚ್ಚಳ ಸಡಿಲವಾಗುತ್ತದೆ, ರಬ್ಬರ್ ಹಿಗ್ಗುತ್ತದೆ. ನೋಡುವ ಆಸೆಗೆ ತಿಂಗಳಿಗೊಮ್ಮೆ ಬಿಚ್ಚುವವರನ್ನು ಕಂಡಿದ್ದೇನೆ.

ಇನ್ನೊಂದು ಮಾತು ಮಳೆಯ ಬಗ್ಗೆ. ಗಾಳಿಪೆಟ್ಟಿಗೆಯ ಅಡಿಯಲ್ಲಿ, ತುದಿ ಮುಚ್ಚಿದ ಒಂದು ಸಣ್ಣ ಪಾರದರ್ಶಕ ಕೊಳವೆ ನೇತಾಡುತ್ತಿರುತ್ತದೆ. ಎಂಜಿನ್ನಿನ ಬ್ರೀದರಿನಿಂದ ಬರುವ ಎಣ್ಣೆಯ ಹಬೆಯೂ ನೀರೂ ಸೇರಿ ಅದರಲ್ಲಿ ನಿಲ್ಲುತ್ತವೆ. ಹಾಲು ಹೆಚ್ಚಾದ ಕಾಫಿಯ ಬಣ್ಣದ ದ್ರವ ಕಂಡರೆ, ಮುಚ್ಚಳ ತೆಗೆದು ಬಟ್ಟೆಯೊಂದಕ್ಕೆ ಬಸಿದು, ಮತ್ತೆ ಮುಚ್ಚಬೇಕು. ಮಳೆಗಾಲದಲ್ಲಿ ನಾನು ಇದನ್ನು ತಿಂಗಳಿಗೊಮ್ಮೆ ನೋಡುತ್ತೇನೆ. ಇದಕ್ಕೆ ಏನನ್ನೂ ಬಿಚ್ಚಬೇಕಾಗಿಲ್ಲ. ಸಣ್ಣ ಸ್ಕೂಟರುಗಳಿಗೆ ಒಂದು ಲೀಟರಿಗಿಂತ ಕಡಿಮೆ ಎಂಜಿನ್ ಆಯಿಲ್ ಸಾಕು, ಆದರೆ ಡಬ್ಬಿಯಲ್ಲಿ ಮಿಕ್ಕಿದ್ದನ್ನೂ ಸುರಿದುಬಿಡುವವರಿದ್ದಾರೆ. ಹಾಗೆ ಹೆಚ್ಚಾದ ಆಯಿಲ್ ಬ್ರೀದರ್ ದಾರಿಯಿಂದ ಮೇಲೆ ಬಂದು ಫಿಲ್ಟರನ್ನು ತೋಯಿಸುತ್ತದೆ.

ಆಯುಧಪೂಜೆಯ ಹಿಂದಿನ ದಿನ ವಾಟರ್ ಸರ್ವಿಸಿಗೆ ಗಾಡಿ ಬಿಟ್ಟಾಗ, ಜೋರಿನ ನೀರನ್ನು ಎಡಭಾಗದ ಆ ಪೆಟ್ಟಿಗೆಯ ಬಾಯಿಗೆ ಹಿಡಿಯದಂತೆ ಎದುರಿಗೆ ನಿಂತು ಹೇಳಿ. ಕಾಗದದ ಫಿಲ್ಟರ್ ಒಮ್ಮೆ ನೀರಿನಲ್ಲಿ ನೆಂದರೆ ಒಣಗಿಸಿ ಹಾಕುವಂತಿಲ್ಲ. ನಿಂತ ನೀರಿನಲ್ಲಿ ಗಾಡಿ ಆಫ್ ಆದರೆ ಸ್ಟಾರ್ಟರ್ ಒತ್ತದೆ ತಳ್ಳಿಕೊಂಡು ಹೊರಗೆ ಬನ್ನಿ. ಪೆಟ್ಟಿಗೆಯ ನೀರು ಸಿಲಿಂಡರಿಗೆ ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಉತ್ತರ: ಬಸವನಗುಡಿ ಗ್ಯಾರೇಜ್

ನಿಮ್ಮ ಮಾತಿನಲ್ಲಿ ತೂಕವಿದೆ. ಇಂಜೆಕ್ಷನ್ ಗಾಡಿಯಲ್ಲಿ ಎಂಜಿನ್ನಿಗೆ ಹೋಗುವ ಗಾಳಿಯನ್ನು ಸೆನ್ಸರ್ ಅಳೆದು ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಬಿಡುತ್ತದೆ. ಆದ್ದರಿಂದ ಫಿಲ್ಟರ್ ಕಟ್ಟಿಕೊಂಡರೂ ಮೈಲೇಜ್ ಅಷ್ಟಾಗಿ ಇಳಿಯುವುದಿಲ್ಲ, ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಎಳೆತ ಮಾತ್ರ ಕಡಿಮೆಯಾಗುತ್ತದೆ. ಅದಕ್ಕಾಗಿಯೇ ಬಿಎಸ್6 ಗಾಡಿಯವರು ಮೈಲೇಜ್ ನೋಡಿ ಫಿಲ್ಟರನ್ನು ಅಳೆಯಬಾರದು, ಕಿಲೋಮೀಟರ್ ನೋಡಿಯೇ ಬದಲಿಸಬೇಕು. ನಾನು 8,000 ಎಂದದ್ದು ಕಾಮಗಾರಿಯ ರಸ್ತೆಯಲ್ಲಿ ದಿನವೂ ಓಡುವ ಗಾಡಿಗೆ. ಅನಾವಶ್ಯಕವಾಗಿ ಬಿಚ್ಚಬಾರದು ಎಂಬುದನ್ನು ಪೂರ್ತಿಯಾಗಿ ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರಿಂದ: ಮಹದೇವಪುರದ ಸವಾರೆ

ಎಲ್ಲರಿಗೂ ಧನ್ಯವಾದಗಳು. ಹೇಳಿದ ಹಾಗೆಯೇ ಭಾನುವಾರ ಬಿಚ್ಚಿ ನೋಡಿದೆ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ಬೇರೆಯವರಿಗೂ ಉಪಯೋಗವಾಗಬಹುದು.

ಮುಚ್ಚಳಕ್ಕೆ ಆರು ಸ್ಕ್ರೂಗಳ ಜಾಗವಿತ್ತು, ಇದ್ದದ್ದು ನಾಲ್ಕು. ಕೆಳಗಿನ ಎಡಮೂಲೆಯ ಎರಡೂ ಇರಲಿಲ್ಲ. ಅಲ್ಲಿ ಮುಚ್ಚಳವನ್ನು ಉಗುರಿನಿಂದ ಎತ್ತಿದರೆ ಏಳುತ್ತಿತ್ತು. ಒಳಗೆ ಅದೇ ಮೂಲೆಯಲ್ಲಿ ಫಿಲ್ಟರಿನ ಸುತ್ತಲ ರಬ್ಬರ್ ಅಂಚು ಒಳಕ್ಕೆ ಮಡಚಿಕೊಂಡು, ಹಾಗೆಯೇ ಗಟ್ಟಿಯಾಗಿ ಹೋಗಿತ್ತು. ಫಿಲ್ಟರನ್ನು ಎಳೆದಾಗ ಹಿಂದಿನ ಗೋಡೆಯ ಮೇಲೆ, ಆ ಮೂಲೆಯಿಂದ ಹೊರಟು ಬೀಸಣಿಗೆಯಂತೆ ಅಗಲವಾಗುತ್ತಾ ಕಾರ್ಬುರೇಟರಿನ ಬಾಯಿಯವರೆಗೆ ಹೋಗಿರುವ ಕಂದು ಬಣ್ಣದ ಒಂದು ಪಟ್ಟೆ ಕಾಣಿಸಿತು. ಉಳಿದ ಗೋಡೆ ಕಪ್ಪಗೆ ಶುಭ್ರವಾಗಿತ್ತು. ಬಿಳಿ ಕರವಸ್ತ್ರದಿಂದ ಪಟ್ಟೆಯ ಮೇಲೆ ಒಂದು ಸಲ ಎಳೆದೆ. ಬಟ್ಟೆಗೆ ಹತ್ತಿದ್ದು ಎಣ್ಣೆಯಲ್ಲಿ ಕಲಸಿದ ಕೆಮ್ಮಣ್ಣಿನಂತಿತ್ತು, ಬೆರಳುಗಳ ನಡುವೆ ಉಜ್ಜಿದಾಗ ಕರಕರ ಎಂದಿತು. ಹಳೆಯ ಫಿಲ್ಟರನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ಎರಡು ಮಡಿಕೆಗಳ ತಳದಲ್ಲಿ ದಾರದೆಳೆಯಷ್ಟು ಬೆಳಕು ನೇರವಾಗಿ ತೂರಿ ಬರುತ್ತಿತ್ತು. ಅದನ್ನು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಇಷ್ಟು ತಿಂಗಳು ನಾನು ಮೈಲೇಜಿನ ಲೆಕ್ಕ ಹಾಕುತ್ತಾ ಕೂತಿದ್ದೆ.

ಜೆ.ಸಿ. ರಸ್ತೆಗೆ ಹೋಗಿ ಹೊಸದನ್ನು ತಂದೆ. ಅಂಗಡಿಯವರು ಎರಡು ಬಗೆ ತೋರಿಸಿದರು, ಅಳತೆ ಒಂದೇ. ಕಡಿಮೆ ಬೆಲೆಯದರಲ್ಲಿ ಕಾಗದದ ಮಡಿಕೆಗಳು ವಿರಳವಾಗಿದ್ದವು, ಮುಟ್ಟಿದರೆ ಜಿಡ್ಡೇ ಇರಲಿಲ್ಲ, ಅಂಚಿನ ರಬ್ಬರ್ ಒತ್ತಿದರೆ ಮಣಿಯುತ್ತಿರಲಿಲ್ಲ. ಒರಿಜಿನಲ್ಲನ್ನೇ ಕೊಂಡೆ, ಬೆಲೆಯ ವ್ಯತ್ಯಾಸ ಎರಡು ಲೀಟರ್ ಪೆಟ್ರೋಲಿನಷ್ಟೂ ಇರಲಿಲ್ಲ. ಇಲ್ಲದ ಎರಡು ಸ್ಕ್ರೂಗಳೂ ಅದೇ ಅಂಗಡಿಯಲ್ಲಿ ಸಿಕ್ಕವು. ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ರಬ್ಬರ್ ಸುತ್ತಲೂ ಸಮನಾಗಿ ಕೂತಿದೆಯೇ ಎಂದು ಬೆರಳಾಡಿಸಿ ನೋಡಿ, ಎದುರುಬದುರು ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿದೆ.

ಮೊದಲ ಟ್ಯಾಂಕಿಗೆ 39 ಬಂತು. ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ಲುತ್ತಿತ್ತು. ಬ್ರೇಕ್ ಅಡ್ಜಸ್ಟ್ ಮಾಡಿಸಿದ ಮೇಲೆ ಎರಡನೆಯ ಟ್ಯಾಂಕಿಗೆ 42 ಬಂದಿದೆ. ನಮ್ಮ ಮೆಕ್ಯಾನಿಕ್‌ಗೆ ಹಳೆಯ ಫಿಲ್ಟರನ್ನು ತೆಗೆದುಕೊಂಡು ಹೋಗಿ ಬೆಳಕಿಗೆ ಹಿಡಿದು ತೋರಿಸಿದೆ. ಅವರು ಬಹಳ ಹೊತ್ತು ತಿರುಗಿಸಿ ನೋಡಿ, ಇಟ್ಟುಕೊಳ್ಳಲೇ ಎಂದು ಕೇಳಿದರು, ಕೊಟ್ಟೆ.

ಒಳಗೆ ಹೋದ ಧೂಳು ಬೋರನ್ನು ಎಷ್ಟು ಸವೆಸಿದೆ ಎಂಬ ಚಿಂತೆ ಉಳಿದಿದೆ. ಬಸವನಗುಡಿಯವರೇ, ಎಂಜಿನ್ ಆಯಿಲ್ ಬದಲಿಸಿ, ಡಿಪ್‌ಸ್ಟಿಕ್‌ನ ಮೇಲಿನ ಗುರುತಿಗೆ ಸರಿಯಾಗಿ ನಿಲ್ಲಿಸಿ, 41,860 ಎಂದು ಬರೆದಿಟ್ಟುಕೊಂಡಿದ್ದೇನೆ. ಸಾವಿರ ಕಿ.ಮೀ. ಆದ ಮೇಲೆ ಎಷ್ಟು ಇಳಿದಿದೆ ಎಂದು ನೋಡಿ ತಿಳಿಸಿದರೆ ಸಾಕೇ, ಅಥವಾ ಈಗಲೇ ಕಂಪ್ರೆಷನ್ ಪರೀಕ್ಷೆ (ಸಿಲಿಂಡರಿನೊಳಗೆ ಒತ್ತಡ ಸರಿಯಾಗಿ ನಿಲ್ಲುತ್ತದೆಯೇ ಎಂದು ಅಳೆಯುವುದು) ಮಾಡಿಸಬೇಕೇ?

ಉತ್ತರ: ಬಸವನಗುಡಿ ಗ್ಯಾರೇಜ್

ಆಯಿಲ್ ಮಟ್ಟವನ್ನು ಸಾವಿರಕ್ಕೆ ಕಾಯದೆ 500ಕ್ಕೇ ಒಮ್ಮೆ ನೋಡಿ. ಸೆಂಟರ್ ಸ್ಟ್ಯಾಂಡ್ ಹಾಕಿ, ಸಮನೆಲದ ಮೇಲೆ, ಎಂಜಿನ್ ಆಫ್ ಮಾಡಿ ಎರಡು ಮೂರು ನಿಮಿಷ ಬಿಟ್ಟು ನೋಡಬೇಕು. ಗುರುತಿನಿಂದ ಕಣ್ಣಿಗೆ ಕಾಣುವಷ್ಟು ಇಳಿದಿಲ್ಲ, ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ನೀಲಿ ಹೊಗೆ ಇಲ್ಲ ಎಂದಾದರೆ ಕಂಪ್ರೆಷನ್ ಪರೀಕ್ಷೆಗೆ ಅವಸರವಿಲ್ಲ. ಇಳಿದಿದ್ದರೆ ಬರೆಯಿರಿ, ರಿಂಗ್ ಮಾತ್ರ ಸಾಕೇ, ಬೋರ್ ಮಾಡಿಸಬೇಕೇ ಎಂಬುದನ್ನು ಆಗ ನೋಡೋಣ.